ಹದಿನೇಳನೆಯ ಕಿಂಡಿ

ಹೊಳಬಸಪ್ಪನವರು ಇಳಕಲ್ಲಿಗೆ ಬಂದಿಳಿದಾಗ ಅವರ ಕೈಯಲ್ಲಿ ಒಂದು ಟ್ರಂಕು, ಬಗಲಲ್ಲಿ ನಕ್ಷೆ ಸುತ್ತಿಟ್ಟ ತಗಡಿನ ಕೊಳವೆ, ಇಷ್ಟೇ ಇತ್ತು. ೧೯೮೩ರ ದೀಪಾವಳಿ ಮುಗಿದು ಎಂಟು ದಿನವಾಗಿತ್ತು. ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಕೂತು, ಬೇರೆಯವರು ಹೇಳಿದ ಕಡೆ ಗೆರೆ ಎಳೆದೆಳೆದು ನಿವೃತ್ತರಾದ ಮನುಷ್ಯ. ಸೇತುವೆ, ದವಾಖಾನೆ, ಸಾಲೆ ಎಂದು ಅವರು ಬರೆಯದ ನಕ್ಷೆಯಿಲ್ಲ, ಆದರೆ ಒಂದರ ಮೂಲೆಯಲ್ಲೂ ಅವರ ಹೆಸರಿಲ್ಲ. ಬಾಗಲಕೋಟೆಯಲ್ಲಿ ಸ್ವಂತ ಮನೆ ಇತ್ತು. ಹೆಂಡತಿ ಪದ್ಮವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬರುವ ದಿನ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಯಾರಿಗೆ ಕೊಡುವುದೆಂದು ಕಟ್ಟೆಯ ಮೇಲೆ ಅರ್ಧ ತಾಸು ನಿಂತು, ಕೊನೆಗೆ ತಮ್ಮ ಜೇಬಿಗೇ ಇಳಿಸಿಕೊಂಡು ಬಂದಿದ್ದರು.

ಅವರನ್ನು ಕರೆಸಿದ್ದು ನೇಕಾರರ ಸಂಘ. ಹದಿನೆಂಟು ಮನೆತನಗಳಿಗೆ ಮನೆ ಆಗಬೇಕಿತ್ತು. ಜಾಗ ಮಾತ್ರ ಓಣಿಯ ನಡುವೆ ಬಿದ್ದುಹೋದ ಒಂದು ಹಳೇ ವಾಡೆಯದು, ಅರ್ಧ ಎಕರೆಗೂ ಕಡಿಮೆ. ಊರ ಹೊರಗೆ ಬೇಕಾದಷ್ಟು ಬಯಲು ಕೊಡುತ್ತೇವೆಂದು ಸರಕಾರ ಹೇಳಿದರೂ ನೇಕಾರರು ಜಪ್ಪಯ್ಯ ಅನ್ನಲಿಲ್ಲ. ನೂಲಿಗೆ ಬಣ್ಣ ಹಾಕುವವನು ಈ ಓಣಿಯಲ್ಲಿ, ಮಗ್ಗಕ್ಕೆ ಉದ್ದನೆಯ ಹಾಸುನೂಲು ಹಾಕಿಕೊಡುವವನು ಆ ಓಣಿಯಲ್ಲಿ, ಸೀರೆ ಕೊಳ್ಳುವ ಸಾವಕಾರ ಮೂಲೆಯಲ್ಲಿ. ಬಯಲಿಗೆ ಹೋಗಿ ಗಾಳಿ ನೇಯೋಣವೇ ಎಂದು ಕೇಳಿದರು. ಅಂದಮೇಲೆ ಮನೆಯ ಮೇಲೆ ಮನೆ, ಅದರ ಮೇಲೆ ಮತ್ತೊಂದು ಮನೆ ಕಟ್ಟದೆ ಗತಿಯಿರಲಿಲ್ಲ.

ಬೆಂಗಳೂರಿನಿಂದ ಒಂದು ನಕ್ಷೆ ಆಗಲೇ ಬಂದಿತ್ತು. ಸಾಲಾಗಿ ಕಾಂಕ್ರೀಟಿನ ಖೋಲಿ, ಒಂದರ ಮೇಲೊಂದು, ಒಂದರಂತೆ ಇನ್ನೊಂದು. ಸಂಘದ ಚೇರಮನ್ ಈರಪ್ಪ ಅದನ್ನು ಚಾಪೆಯ ಮೇಲೆ ಹಾಸಿ ತೋರಿಸಿದ.

“ನೋಡ್ರಿ ಸಾಹೇಬ್ರ, ನಮ್ಮದು ಕುಣಿಮಗ್ಗ. ನೆಲದಾಗ ಕುಣಿ ತೋಡಿ, ಅದರಾಗ ಕಾಲು ಇಳಿಬಿಟ್ಟು ಕುಂತು ನೇಯೂದು. ಮ್ಯಾಲಿನ ಮಾಳಿಗ್ಯಾಗ ಕುಣಿ ತೋಡಿದ್ರ ಕೆಳಗಿನವನ ಊಟದ ತಾಟಿನಾಗ ನನ್ನ ಕಾಲು ಬರ್ತಾವು!”

ಕೂತವರೆಲ್ಲ ನಕ್ಕರು. ಹೊಳಬಸಪ್ಪನವರೂ ನಕ್ಕರು. ನಕ್ಕು ಎಷ್ಟು ದಿನವಾಗಿತ್ತೋ, ದವಡೆ ನೋಯಿತು.

ಅವರಿಗೆ ಇಳಿದುಕೊಳ್ಳಲು ಸಿಕ್ಕಿದ್ದು ಇಮಾಮಸಾಬ ಎಂಬ ನೇಕಾರನ ಮನೆಯ ಪಕ್ಕದ ಖೋಲಿ. ಇಮಾಮಸಾಬನೂ ಬಾಡಿಗೆಯವನೇ, ಹೊಸ ಮನೆಗಾಗಿ ಕಾದವನೇ. ಖೋಲಿಗೂ ಅವನ ಮಗ್ಗದ ಕೋಣೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ, ಕೂತವರ ಹೆಗಲ ಎತ್ತರಕ್ಕೆ, ಒಂದು ಗೇಣು ಅಗಲ ಒಂದೂವರೆ ಗೇಣು ಎತ್ತರದ ಕಿಂಡಿ. ಆ ಓಣಿಯ ಎಲ್ಲ ಅಡ್ಡಗೋಡೆಗಳಲ್ಲೂ ಇಂಥದೊಂದು ಇತ್ತು. ನೇಯುವವನು ಒಮ್ಮೆ ಕುಣಿಗೆ ಇಳಿದನೆಂದರೆ ಪದೇ ಪದೇ ಏಳಲಾರ. ಲಾಳಿಯೊಳಗೆ ಇಡುವ ನೂಲು ಸುತ್ತಿದ ಕಂಡಿಕೆ ತೀರಿದರೆ ಪಕ್ಕದವನಿಂದ ಕಿಂಡಿಯಲ್ಲೇ ಇಸಿದುಕೊಳ್ಳುತ್ತಾನೆ. ಎಲೆ, ಸುಣ್ಣ, ಒಲೆಗೆ ಕೆಂಡ, ಮಗಳಿಗೆ ಗಂಡು ನೋಡಿದ ಸುದ್ದಿ, ಎಲ್ಲವೂ ಅದರಲ್ಲೇ ಓಡಾಡುತ್ತಿದ್ದವು.

ಮೊದಲ ದಿನ ಹೊಳಬಸಪ್ಪನವರು ಏನು ಮಾಡಿದರು ಗೊತ್ತೇ? ಕಿಂಡಿಗೆ ಹಳೇ ಪೇಪರು ಅಂಟಿಸಿದರು! ಬಾಗಲಕೋಟೆಯ ಮರ್ಯಾದಸ್ಥರು ನೋಡಿ. ಮರುದಿನ ಬೆಳಿಗ್ಗೆ ಪೇಪರಿನ ಆಚೆಯಿಂದ ಇಮಾಮಸಾಬನ ಹೆಂಡತಿ ಅಮೀನಬಿಯ ದನಿ ಕೇಳಿತು.

“ಚಾ ಆತೇನ್ರಿ, ಸಾಹೇಬ್ರ?”

ಅವರು ಉತ್ತರ ಕೊಡಲಿಲ್ಲ. ಉತ್ತರ ಕೊಡುವ ರೂಢಿಯೇ ತಪ್ಪಿಹೋಗಿತ್ತು. ಎರಡನೇ ದಿನವೂ ಕೇಳಿದಳು, ಮೂರನೇ ದಿನವೂ ಕೇಳಿದಳು. ನಾಲ್ಕನೇ ದಿನ ಅವಳು ಕೇಳುವ ಹೊತ್ತಿಗೆ ಪೇಪರು ನೆಲದ ಮೇಲಿತ್ತು. “ಈಗ ಆತು ತಂಗೆವ್ವ, ನಿಮ್ಮದು?” ಎಂದರು ಹೊಳಬಸಪ್ಪ.

ಆಮೇಲೆ ಅವರು ಕೆಲಸಕ್ಕೆ ಬಿದ್ದರು. ಹೇಗೆ ಬಿದ್ದರೆಂದರೆ, ಸರಕಾರದ ಮೂವತ್ತು ವರ್ಷ ಬರೀ ತಾಲೀಮು, ಕುಸ್ತಿ ಈಗಲೇ ಎಂಬಂತೆ. ಕೆಳಗೆ ಹದಿನೆಂಟು ಮಗ್ಗದ ಕೋಣೆಗಳು, ಒಂಬತ್ತೊಂಬತ್ತರ ಎರಡು ಸಾಲು, ಎಲ್ಲದರ ಬಾಗಿಲೂ ಅಂಗಳಕ್ಕೆ. ಮೇಲಿನ ಎರಡು ಮಾಳಿಗೆಯಲ್ಲಿ ವಾಸದ ಮನೆಗಳು. ಎದುರುಮನೆಯವರು ತಮ್ಮ ಮಾಳಿಗೆಯ ಮೇಲೆ ಬಣ್ಣದ ನೂಲು ಒಣಗಿಸುತ್ತಿದ್ದರು. ಕಟ್ಟಡ ಎದ್ದರೆ ಅವರ ನೂಲಿನ ಮೇಲೆ ನೆರಳು ಬೀಳುತ್ತದಲ್ಲ ಎಂದು, ಚಳಿಗಾಲದ ಒಂದು ತಿಂಗಳು ಪೂರಾ ಮೂವತ್ತು ಅಡಿ ಬಿದಿರು ನೆಟ್ಟು, ತಾಸಿಗೊಮ್ಮೆ ನೆರಳಿನ ತುದಿಗೆ ಕಲ್ಲಿಟ್ಟರು. ಓಣಿಯವರು ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಕಡೆಗೆ ಮೇಲಿನ ಮಾಳಿಗೆಯನ್ನು ಎಂಟು ಅಡಿ ಹಿಂದಕ್ಕೆ ಸರಿಸಿ ಬರೆದರು. ಗೋಡೆಗೆ ಕ್ವಾರಿಯವರು ಬೇಡವೆಂದು ಗುಡ್ಡೆ ಹಾಕಿದ ಕೆಂಪು ಕಲ್ಲಿನ ತುಂಡುಗಳು, ಸುಣ್ಣದ ಗಾರೆ, ಒಂದೂವರೆ ಅಡಿ ದಪ್ಪ. ಬೇಸಿಗೆಯ ಬಿಸಿಲು ಒಳಗೆ ಬರುವಷ್ಟರಲ್ಲಿ ಸಂಜೆಯಾಗಬೇಕು. ಮಾಳಿಗೆಯ ಮಳೆನೀರು ಅಂಗಳದ ಕೆಳಗಿನ ತೊಟ್ಟಿಗೆ. ಬಣ್ಣದ ನೀರಿಗೆ ಬೇರೆ ಕಾಲುವೆ, ಓಣಿಯ ಬಾವಿಯಿಂದ ದೂರ.

ಮತ್ತೆ ಕಿಂಡಿ. ಒಂದು ಸಾಲಿಗೆ ಎಂಟು ಅಡ್ಡಗೋಡೆ, ಎರಡು ಸಾಲಿಗೆ ಹದಿನಾರು ಕಿಂಡಿ.

ನಕ್ಷೆ ನೋಡಲು ಬಂದ ದೊಡ್ಡ ಎಂಜಿನಿಯರರು ಉಳಿದದ್ದಕ್ಕೆಲ್ಲ ತಲೆಯಾಡಿಸಿ, ಇದಕ್ಕೆ ಬಂದು ನಿಂತರು. ಹೊಸ ಗೋಡೆಗೆ ಯಾಕೆ ತೂತು ಎಂದು ಕೇಳಿದರು. ಹೊಳಬಸಪ್ಪನವರು ಬಾಯಲ್ಲಿ ಹೇಳದೆ, ಬಡಿಗ ರಾಜಮಹ್ಮದನಿಂದ ಮಾಡಿಸಿ ತಂದ ಸಾಗವಾನಿಯ ಒಂದು ಚೌಕಟ್ಟನ್ನು ಮೇಜಿನ ಮೇಲಿಟ್ಟರು. ಮಾದರಿಗೆಂದು ಮಾಡಿಸಿದ್ದು, ಅದರ ಅಂಚನ್ನು ಕೈ ಜಾರುವಷ್ಟು ನುಣ್ಣಗೆ ತಿಕ್ಕಿದ್ದ ರಾಜಮಹ್ಮದ.

“ಇದು ತೂತಲ್ರೀ,” ಎಂದರು. ಮೂವತ್ತು ವರ್ಷದಲ್ಲಿ ಮೇಲಿನವರ ಮುಂದೆ ಅವರ ದನಿ ಏರಿದ್ದು ಅದೇ ಮೊದಲು. “ಇದು ಇಲ್ಲಂದ್ರ ಹದಿನೆಂಟು ಮಂದಿ ಹದಿನೆಂಟು ಡಬ್ಬಿ ಒಳಗ ಕುಂತಂಗ. ನನಗ ಗೊತ್ತೈತಿ ಅದು ಹ್ಯಾಂಗಿರತೈತಿ ಅಂತ. ಬೇಕಾರ ಮಾಳಿಗಿ ತಗೀರಿ, ಇದನ್ನ ತಗೀಬ್ಯಾಡ್ರಿ.”

ಎಂಜಿನಿಯರರು ಚೌಕಟ್ಟನ್ನು ಎತ್ತಿ ನೋಡಿದರು, ಈ ಮುದುಕನ ಮುಖ ನೋಡಿದರು, ರುಜು ಹಾಕಿದರು.

ಇಷ್ಟರವರೆಗೆ ಹೊಳಬಸಪ್ಪನವರನ್ನು ಹೊಗಳಿದ್ದಾಯಿತು. ಇನ್ನು ಅವರು ಮಾಡಿದ್ದನ್ನೂ ಹೇಳಬೇಕು.

ಕೆಳಗಿನ ಹದಿನೆಂಟು ಕೋಣೆಗಳಲ್ಲಿ ಹದಿನೇಳಕ್ಕೆ ಮಾತ್ರ ಅವರು ಕುಣಿ ಬರೆದಿದ್ದರು. ಹೆಬ್ಬಾಗಿಲ ಪಕ್ಕದ ಕೊನೆಯ ಕೋಣೆಯೊಳಗೆ ಸಣ್ಣ ಅಕ್ಷರದಲ್ಲಿ ‘ಸಂಘದ ಕೋಣೆ’ ಎಂದು ಬರೆದು, ಒಂದು ಮಂಚದ ಅಳತೆಯನ್ನೂ ಹಾಕಿದ್ದರು. ಸಂಘಕ್ಕೆ ಮಂಚ ಯಾಕೆ? ಕಟ್ಟಡ ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದು ಅವರು ಈರಪ್ಪನ ಹತ್ತಿರ ಮಾತು ತೆಗೆದಿದ್ದರು. ಈರಪ್ಪ ಜಾಣ. “ನೀವ ಇರ್ರಿ ಸಾಹೇಬ್ರ, ನಮಗೂ ಧೈರ್ಯ,” ಎಂದುಬಿಟ್ಟ. ಆ ಕೋಣೆಯ ಗೋಡೆಯಾಚೆ ಯಾರ ಮಗ್ಗ ಬರಬೇಕೆಂಬುದನ್ನೂ ಅವರೇ ಬರೆದಿದ್ದರು. ಇಮಾಮಸಾಬನದು. ಬೆಳಿಗ್ಗೆ ಲಾಳಿಯ ಸದ್ದು, ಆಮೇಲೆ ಕಿಂಡಿಯಲ್ಲಿ ಅಮೀನಬಿಯ ದನಿ. ಇರುವಷ್ಟು ದಿನ ಹೀಗೆ ಇದ್ದುಬಿಟ್ಟರೆ ಸಾಕು, ಇನ್ನೇನೂ ಬೇಡ ಎಂದು ಅವರಿಗೆ ಅನಿಸಿತ್ತು. ಬಾಗಲಕೋಟೆಯ ಮನೆಯ ಕೀಲಿ ಟ್ರಂಕಿನ ತಳ ಸೇರಿತ್ತು.

ಕುಣಿ ತಪ್ಪಿದ್ದು ಯಾರಿಗೆ? ಸಿದ್ದಲಿಂಗವ್ವ ಎಂಬ ವಿಧವೆಗೆ. ಗಂಡ ಸತ್ತು ಆರು ವರ್ಷವಾಗಿತ್ತು. ಅವನ ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿದ್ದರು. ಆಕೆ ಬೇರೆಯವರಿಗೆ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದಳು. ಸಂಘದ ಯಾದಿಯಲ್ಲಿ ಆಕೆಯ ಹೆಸರಿನ ಮುಂದೆ ‘ಮಗ್ಗ ಇಲ್ಲ’ ಎಂದೇ ಇತ್ತು. ಮಗ್ಗವಿಲ್ಲದವಳಿಗೆ ಮಗ್ಗದ ಕೋಣೆ ಯಾಕೆ? ಮೇಲಿನ ಮಾಳಿಗೆಯಲ್ಲಿ ಒಳ್ಳೆ ಗಾಳಿ ಬರುವ ಮನೆ ಕೊಟ್ಟಿದ್ದಾರಲ್ಲ. ಸಭೆಯಲ್ಲಿ ಓದಿ ಹೇಳಿದಾಗ ಸಿದ್ದಲಿಂಗವ್ವ ತಕರಾರು ಮಾಡದೆ ಹೆಬ್ಬೆಟ್ಟು ಒತ್ತಿದಳು. ಕಾಯ್ದೆಯ ಪ್ರಕಾರ ಎಲ್ಲ ಸರಿಯಾಗಿತ್ತು. ಹೊಳಬಸಪ್ಪನವರು ಎಲ್ಲರ ಮನೆಗೂ ಹೋಗಿ ಅಳತೆ ಹಿಡಿದಿದ್ದರು, ಆಕೆಯ ಮನೆಯೊಳಗೆ ಮಾತ್ರ ಹೋಗಿರಲಿಲ್ಲ. ಯಾದಿ ಇತ್ತಲ್ಲ, ಸಾಕು ಅಂದುಕೊಂಡಿದ್ದರು. ಹೋದರೆ ಏನಾದರೂ ಕಂಡೀತೆಂಬ ಅಳುಕೂ ಇತ್ತೋ ಏನೋ, ಅದನ್ನು ಅವರು ತಮಗೆ ತಾವೂ ಹೇಳಿಕೊಂಡಿರಲಿಲ್ಲ.

ಪಾಯ ತೋಡುವ ಹಿಂದಿನ ದಿನ ನೆಲದ ಮೇಲೆ ಸುಣ್ಣದ ಗೆರೆ ಹಾಕಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ದಾರ ಹಿಡಿದು, ಸುಣ್ಣದ ಪುಡಿ ಉದುರಿಸಿ, ಕಟ್ಟಡದ ಕೆಳಗಿನ ಅಂತಸ್ತು ಇದ್ದ ಅಳತೆಗೇ ಮೂಡಿತು. ಕುಣಿ ಬರುವಲ್ಲಿ ಚೌಕ, ಬಾಗಿಲು ಬರುವಲ್ಲಿ ಖಾಲಿ. ಕಿಂಡಿ ಬರುವ ಕಡೆಯೆಲ್ಲ ಹೊಳಬಸಪ್ಪನವರು ಒಂದು ಗೇಣು ಗೆರೆಯನ್ನು ಬಿಟ್ಟಿದ್ದರು. ಅಷ್ಟು ಸಣ್ಣದನ್ನು ಯಾರೂ ಗೆರೆಯಲ್ಲಿ ತೋರಿಸುವುದಿಲ್ಲ. ಇವರು ತೋರಿಸಿದರು.

ಊಟ ಮುಗಿಸಿ ಓಣಿಗೆ ಓಣಿಯೇ ಬಂತು. ಗೆರೆ ದಾಟಿ ಯಾರೂ ಒಳಗೆ ಹೋಗಲಿಲ್ಲ, ಎಲ್ಲರೂ ಬಾಗಿಲ ಜಾಗ ಹುಡುಕಿಕೊಂಡೇ ಹೋದರು. ಗಂಡಸರು ತಮ್ಮ ತಮ್ಮ ಸುಣ್ಣದ ಕುಣಿಯಲ್ಲಿ ಕೂತು, ಇಲ್ಲದ ಲಾಳಿ ಎಸೆದು ನೋಡಿದರು. ಇಮಾಮಸಾಬ ಕೂತಲ್ಲಿಂದಲೇ, “ಅಮೀನಾ, ಗ್ವಾಡಿ ತಂಪ ಐತಿ ನೋಡ!” ಎಂದು ಗಾಳಿಗೆ ಬೆನ್ನು ಆನಿಸಿದ. ಅಮೀನಬಿ ಬಿದ್ದು ಬಿದ್ದು ನಕ್ಕಳು.

ಸಿದ್ದಲಿಂಗವ್ವ ಬಗಲಲ್ಲಿ ಕಂಡಿಕೆಯ ಬುಟ್ಟಿ ಇಟ್ಟುಕೊಂಡು ಹಾಗೇ ಬಂದಿದ್ದಳು. ಎರಡೂ ಸಾಲು ಸುತ್ತಿದಳು. ಒಂದನ್ನು ಬಿಟ್ಟು ಎಲ್ಲ ಕೋಣೆಗಳಲ್ಲೂ ಜನ.

“ಯಪ್ಪಾ, ನಂದು ಯಾವದ್ರಿ?” ಎಂದು ಹೊಳಬಸಪ್ಪನವರನ್ನು ಕೇಳಿದಳು.

“ನಿಮ್ಮದು ಮ್ಯಾಲ ಐತ್ರಿ ಅಕ್ಕಾರ.”

ಆಕೆ ತಲೆಯೆತ್ತಿ ನೋಡಿದಳು. ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಜನ ಮತ್ತೆ ನಕ್ಕರು, ಆಕೆಯೂ ನಕ್ಕಳು. ಆಮೇಲೆ ನಿಂತು ನಿಂತು ಸಾಕಾಯಿತೋ ಏನೋ, ಬಾಗಿಲ ಪಕ್ಕದ ಖಾಲಿ ಕೋಣೆಯೊಳಗೆ ಹೋಗಿ, ಗೆರೆಗೆ ಹತ್ತಿಕೊಂಡು ಕೂತಳು. ಅದೇ ಸಂಘದ ಕೋಣೆ. ಕಾಲು ನೀಡಿ, ಬುಟ್ಟಿ ಪಕ್ಕಕ್ಕಿಟ್ಟು, ಸುಣ್ಣದಲ್ಲಿ ಬಿಟ್ಟ ಒಂದು ಗೇಣು ಜಾಗದಲ್ಲಿ ಕೈ ಹಾಯಿಸಿ ಒಂದು ಕಂಡಿಕೆ ಆಚೆ ಕೊಟ್ಟಳು.

“ಇಮಾಮ, ತಗೋಪಾ. ಇಲ್ಲಿ ನಿನ್ನ ದನಿ ಚಲೋ ಕೇಳತೈತಿ.”

“ಕೇಳಲಾರದ ಏನ ಕಾಕೂ, ಗ್ವಾಡಿನ ಇಲ್ಲ!” ಎಂದು ಇಮಾಮಸಾಬ ಕಂಡಿಕೆ ಇಸಿದುಕೊಂಡ.

ಎದ್ದುಹೋಗಲಿ, ಎದ್ದುಹೋಗಲಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತ ಹೊಳಬಸಪ್ಪನವರು ನಿಂತರು. ಅಷ್ಟರಲ್ಲಿ ಈರಪ್ಪ ಅಂದ, “ಯವ್ವಾ, ಅದು ಸಂಘದ ಖೋಲಿ. ಸಾಹೇಬ್ರು ಇರತಾರ ಅಲ್ಲಿ.”

ಸಿದ್ದಲಿಂಗವ್ವ ಬೆಂಕಿ ಮುಟ್ಟಿದಂತೆ ಎದ್ದಳು. “ಹೌದೇನ್ರಿ? ತಪ್ಪಾತ್ರಿ ಯಪ್ಪಾ, ನನಗ ಗೊತ್ತಾಗಲಿಲ್ಲ,” ಎಂದು ಸೀರೆಗೆ ಹತ್ತಿದ ಸುಣ್ಣ ಝಾಡಿಸಿಕೊಂಡಳು. ಹೋಗುವಾಗ ಅವರ ಹತ್ತಿರ ಒಂದು ಗಳಿಗೆ ನಿಂತು, ಕಿವಿಮಾತಿನ ಹಾಗೆ ಹೇಳಿದಳು. “ಇರ್ರಿ ಯಪ್ಪಾ, ಇರ್ರಿ. ನಿಮಗೂ ಯಾರೂ ಇಲ್ಲಲ್ಲ.”

ಆ ‘ನಿಮಗೂ’ ಅವರನ್ನು ಕೂರಗೊಡಲಿಲ್ಲ, ನಿಲ್ಲಗೊಡಲಿಲ್ಲ. ಆಕೆ ಬೈದಿದ್ದರೆ ಚಲೋ ಇತ್ತು. ಬೈದವರಿಗೆ ಯಾದಿ ತೋರಿಸಬಹುದಿತ್ತು.

ಮರುದಿನ ಬೆಳಿಗ್ಗೆ ಅಳತೆಪಟ್ಟಿಯನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ಸಿದ್ದಲಿಂಗವ್ವನ ಮನೆಗೆ ಹೋದರು. ಬಾಗಿಲು ತೆರೆದೇ ಇತ್ತು. ಒಳಗೆ ನೆಲದ ಎರಡು ಹಲಗೆ ಸರಿಸಿತ್ತು. ಗಂಡನ ಮಗ್ಗದ ಕುಣಿಗೆ ಮುಚ್ಚಿದ ಹಲಗೆಗಳವು. ಅದರೊಳಗೆ ಕಾಲು ಇಳಿಬಿಟ್ಟು, ದಂಡೆಯ ಮೇಲೆ ರಾಟೆ ಇಟ್ಟುಕೊಂಡು, ಆಕೆ ಕಂಡಿಕೆ ಸುತ್ತುತ್ತ ಕೂತಿದ್ದಳು. ಹೆಗಲ ಹತ್ತಿರದ ಕಿಂಡಿಯಲ್ಲಿ ಪಕ್ಕದ ಮನೆಯವರು ಯಾರದೋ ಸೊಸೆಯ ಸುದ್ದಿ ಹೇಳುತ್ತಿದ್ದರು.

“ದಿನಾ ಇಲ್ಲೇ ಕುಂಡ್ರತೀರೇನ್ರಿ ಅಕ್ಕಾರ?”

“ಮತ್ತೆಲ್ಲಿ ಕುಂಡ್ರಲ್ರಿ? ಮಗ್ಗ ಹೋದ್ರೂ ಕುಣಿ ಐತಲ್ರಿ. ನಲವತ್ತು ವರ್ಷ ಅವರು ಇದರಾಗ ಕಾಲಿಟ್ಟು ಕುಂತಿದ್ರು, ನಾ ಬಾಜೂಕ ಕುಂತು ಸುತ್ತಿಕೊಡತಿದ್ನಿ. ಈಗ ನಾ ಇಳಿದೇನಿ. ಕಾಲಿಗೆ ತಂಪು, ಕಿಂಡ್ಯಾಗ ಮಂದಿ ದನಿ. ಹೊತ್ತು ಹೋಗತೈತ್ರಿ.” ರಾಟೆ ನಿಲ್ಲಿಸಿ ಅವರ ಮುಖ ನೋಡಿದಳು. “ಮ್ಯಾಲಿನ ಮಾಳಿಗ್ಯಾಗ ಗಾಳಿ ಭಾಳ ಅಂತಲ್ರಿ?”

“ಹೌದ್ರಿ,” ಎಂದರು ಹೊಳಬಸಪ್ಪ. “ಗಾಳಿ ಭಾಳ.”

ಅಲ್ಲಿಂದ ನೇರ ವಾಡೆಯ ಜಾಗಕ್ಕೆ ಬಂದರು. ಕೆಲಸದವರು ಇನ್ನೂ ಬಂದಿರಲಿಲ್ಲ. ಕೊನೆಯ ಕೋಣೆಯ ನಡುವೆ ನಿಂತು ಮಂಚ ಎಲ್ಲಿ, ಟ್ರಂಕು ಎಲ್ಲಿ, ಒಲೆ ಎಲ್ಲಿ ಎಂದು ಒಮ್ಮೆ ನೋಡಿಕೊಂಡರು. ಯಾರೂ ಇಲ್ಲದ ಇಬ್ಬರಲ್ಲಿ ಒಬ್ಬರಿಗೇ ಜಾಗ. ಇದು ನನ್ನ ಕೈಯಿಂದಲೇ ಆಗಬೇಕಿತ್ತೇ ಎಂದು ಅಳು ಬಂತು, ಅತ್ತರು ಕೂಡ. ಯಾರೂ ನೋಡಲಿಲ್ಲ. ಆಮೇಲೆ ಸುಣ್ಣದ ಬುಟ್ಟಿಯಿಂದ ಒಂದು ಹಿಡಿ ತಗೊಂಡು, ಕಿಂಡಿಗೆ ಕೈ ಎಟಕುವಷ್ಟು ದೂರದಲ್ಲಿ, ಬಗ್ಗಿ ಕುಣಿಯ ಚೌಕ ಹಾಕಿದರು.

ಈರಪ್ಪನಿಗೆ ಸಿಟ್ಟೇ ಬಂತು. “ಆಕಿ ಒಪ್ಪಿ ಹೆಬ್ಬಟ್ಟು ಒತ್ತ್ಯಾಳ್ರಿ! ನೀವು ಎಲ್ಲಿರ್ತೀರಿ?”

“ನನಗ ಬಾಗಲಕೋಟ್ಯಾಗ ಮನಿ ಐತೆಪಾ,” ಎಂದರು ಹೊಳಬಸಪ್ಪ. ಆ ಮಾತೇನೋ ಖರೆ.

ಕಟ್ಟಡ ಏಳಲು ವರ್ಷದ ಮೇಲಾಯಿತು. ಕಲ್ಲು ಕಲ್ಲಿಗೂ ಅವರು ಅಲ್ಲಿದ್ದರು. ಹದಿನಾರು ಚೌಕಟ್ಟನ್ನೂ ಗೋಡೆಗೆ ಕೂರಿಸುವಾಗ ತಾವೇ ಮಟ್ಟ ಹಿಡಿದರು. ೧೯೮೫ರ ಯುಗಾದಿಯ ಮರುದಿನ ಜನ ಒಳಗೆ ಬಂದರು. ಸಿದ್ದಲಿಂಗವ್ವ ಹಳೇ ಕುಣಿಯ ಎರಡು ಹಲಗೆಗಳನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದಳು, ಯಾರ ಕೈಗೂ ಕೊಡಲಿಲ್ಲ. ಹೊಸ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕಿಂಡಿಯ ಅಂಚಿನ ಮೇಲೆ ಕೈಯೂರಿ, ಏನೋ ಹೇಳಲು ಹೊಳಬಸಪ್ಪನವರ ಕಡೆ ತಿರುಗಿದಳು. ಅಷ್ಟರಲ್ಲಿ ಆಚೆಯಿಂದ ಅಮೀನಬಿ, “ಕಾಕೂ, ಚಾ ಆತೇನ?” ಎಂದಳು. ಸಿದ್ದಲಿಂಗವ್ವ ಆ ಕಡೆ ಹೊರಳಿದವಳು ಮಾತಿಗೆ ಕೂತುಬಿಟ್ಟಳು.

ಇಮಾಮಸಾಬ ಬಿಟ್ಟ ಹಳೇ ಮನೆಯನ್ನೂ ಪಕ್ಕದ ಖೋಲಿಯನ್ನೂ ಮಾಲಕ ಬೇರೆ ಯಾರಿಗೋ ಮಾರಿಕೊಂಡಿದ್ದ. ಊರಲ್ಲಿ ಬೇರೆ ಖೋಲಿ ಸಿಗುತ್ತಿತ್ತು. ಆದರೆ ಕೆಲಸ ಮುಗಿದ ಮೇಲೆ ಯಾವ ಮುಖ ಇಟ್ಟುಕೊಂಡು ಇರುವುದು? ಯಾಕಿದ್ದೀರಿ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಹೊಳಬಸಪ್ಪನವರು ಟ್ರಂಕು ಕಟ್ಟಿದರು. ಮೂಲೆಯಲ್ಲಿ ಮಾದರಿಯ ಚೌಕಟ್ಟು ಉಳಿದಿತ್ತು, ಹದಿನಾರರಲ್ಲಿ ಸೇರದ್ದು. ಅದನ್ನು ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುನಗುಂದ ದಾಟಿ ಬಾಗಲಕೋಟೆಗೆ ಬಂದರು.

ಅವರ ಮನೆಗೂ ಪಕ್ಕದ ಚಂದಪ್ಪನ ಮನೆಗೂ ನಡುವೆ ಒಂದೇ ಗೋಡೆ. ಇಪ್ಪತ್ತೆರಡು ವರ್ಷ ಆ ಗೋಡೆಯ ಆಚೆ ಅಡಿಗೆಮನೆಯಿದೆಯೋ ಪಡಸಾಲೆಯಿದೆಯೋ ಎಂದು ಅವರು ಯೋಚಿಸಿದ್ದಿಲ್ಲ. ಬಂದ ಮರುದಿನವೇ ಕೇಳೋಣವೆಂದು ಹೋದರೆ ಬಾಗಿಲಿಗೆ ಬೀಗ. ಹೊಸ ಆಣೆಕಟ್ಟಿನ ನೀರು ಊರು ಮುಳುಗಿಸಲು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂಬ ಮಾತಿಗೆ ಹೆದರಿ ಚಂದಪ್ಪ ಸಂಸಾರ ಕಟ್ಟಿಕೊಂಡು ಗದಗಕ್ಕೆ ಹೋಗಿ ಆರು ತಿಂಗಳಾಗಿತ್ತಂತೆ. ಹೇಳಿಹೋಗಲು ಇವರು ಊರಲ್ಲಿದ್ದರೆ ತಾನೇ! ಹೊಳಬಸಪ್ಪನವರು ವಿಳಾಸ ಹುಡುಕಿ ಕಾರ್ಡು ಬರೆದರು. ನಮ್ಮಿಬ್ಬರ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಮಾಡಿಕೊಳ್ಳಬಹುದೇ? ಎಂಟು ದಿನಕ್ಕೆ ಉತ್ತರ ಬಂತು. “ಏನ್ ಬೇಕಾದ್ದು ಮಾಡ್ಕೋರಿ. ಹ್ಯಾಂಗೂ ನೀರಾಗ ಹೋಗೂ ಮನಿ.”

ಎರಡು ದಿನ ಹಿಡಿಯಿತು. ಯಾರನ್ನೂ ಕರೆಯಲಿಲ್ಲ. ಕೂತು ಹೆಗಲೆತ್ತರ ನೋಡಿ, ಸುಣ್ಣದ ಕಡ್ಡಿಯಲ್ಲಿ ಗೆರೆ ಹಾಕಿ, ಉಳಿ ಸುತ್ತಿಗೆಯಿಂದ ಒಂದೊಂದೇ ಕಲ್ಲು ಬಿಡಿಸಿದರು. ಗಾರೆ ಮೆತ್ತಿ, ಮಟ್ಟ ಹಿಡಿದು, ರಾಜಮಹ್ಮದನ ಚೌಕಟ್ಟನ್ನು ಕೂರಿಸಿದರು. ಒಂದು ಕೂದಲೆಳೆಯಷ್ಟೂ ಓರೆಯಾಗಲಿಲ್ಲ. ಅದರೊಳಗಿಂದ ಚಂದಪ್ಪನ ಆರಿದ ಒಲೆ, ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರು ಕಾಣುತ್ತಿದ್ದವು.

ಮೂರನೇ ದಿನ ಬೆಳಿಗ್ಗೆ ಚಹಾ ಮಾಡಿಕೊಂಡು ಕಿಂಡಿಯ ಪಕ್ಕ ಕೂತರು. ಬಟ್ಟಲು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು.

“ಚಾ ಆತೇನ್ರಿ?”

ದನಿ ಖಾಲಿ ಅಡಿಗೆಮನೆಯಲ್ಲಿ ಒಂದು ಸುತ್ತು ಹಾಕಿತು. ಹೊಳಬಸಪ್ಪನವರು ಸ್ವಲ್ಪ ಹೊತ್ತು ಕಾದರು. ಆಮೇಲೆ, “ನಂದೂ ಈಗ ಆತ್ರಿ,” ಎಂದು ಬಟ್ಟಲು ಎತ್ತಿಕೊಂಡರು.